ಮಿಲಿಟರಿ ಆಳ್ವಿಕೆಯಲ್ಲಿ ಜೈಲು ಸೇರಿದವರ ಬಿಡುಗಡೆಗೆ ಕ್ಯಾಂಪೇನ್ ಮಾಡೋದು ಹೇಗೆ? ಬರ್ಮಾ ಉದಾಹರಣೆ ಇಟ್ಕೊಂಡು ಹೇಳ್ತೀನಿ

ಬರ್ಮಾದಲ್ಲಿ, ಅಂದ್ರೆ ಈಗಿನ ಮ್ಯಾನ್ಮಾರ್‌ನಲ್ಲಿ, 2021ರ ಫೆಬ್ರವರಿ 1ರ ಬೆಳಗಿನ ಜಾವ ಸೈನ್ಯ ಅಧಿಕಾರ ಕಿತ್ಕೊಂಡ್ತು. ಜನ ಆರಿಸಿದ್ದ ಸರ್ಕಾರದ ನಾಯಕಿ ಆಂಗ್ ಸಾನ್ ಸೂಕಿ, ಅಧ್ಯಕ್ಷ ವಿನ್ ಮಿಂಟ್ ಇಬ್ರನ್ನೂ ಅವತ್ತೇ ಹಿಡಿದ್ರು, ಆಮೇಲೆ ಡಾಕ್ಟರು, ಮೇಷ್ಟ್ರು, ರೈಲ್ವೆ ನೌಕರರು, ಕವಿಗಳು, ಕಾಲೇಜು ಹುಡುಗ ಹುಡುಗಿಯರು ಅಂತ ಹಿಡೀತಾನೇ ಹೋದ್ರು, ಒಂದು ಹಂತದಲ್ಲಿ ಒಳಗಿದ್ದೋರ ಲೆಕ್ಕ 20 ಸಾವಿರ ದಾಟಿತ್ತು. ಇಷ್ಟು ದೊಡ್ಡ ಸಂಖ್ಯೆ ಕೇಳಿದ್ರೆ ಯಾರಿಗಾದ್ರೂ ಕೈಕಾಲು ಆಡಲ್ಲ, ನಾವು ಇಲ್ಲಿ ಕೂತ್ಕೊಂಡು ಏನ್ ಮಾಡಕ್ಕಾಗತ್ತೆ ಅನ್ಸತ್ತೆ. ಆದ್ರೆ ಮಾಡಕ್ಕಾಗತ್ತೆ, ಬೇಕಾದಷ್ಟು ಆಗತ್ತೆ, ಅದನ್ನ ಸರಿಯಾಗಿ ಮಾಡೋದು ಹೇಗೆ ಅಂತ ಬರೀತಿದೀನಿ. ನನಗೆ ಗೊತ್ತಿರೋ ದೇಶ ಇದೊಂದೇ, ಅದಕ್ಕೆ ಉದಾಹರಣೆ ಎಲ್ಲಾ ಬರ್ಮಾದ್ದೇ ಇರತ್ತೆ, ಆದ್ರೆ ಮಿಲಿಟರಿ ಆಳ್ವಿಕೆ ಇರೋ ಬೇರೆ ಜಾಗಕ್ಕೂ ಬಹಳಷ್ಟು ವಿಷಯ ಹೊಂದ್ಕೊಳತ್ತೆ.

ಮೊದ್ಲು ಒಂದು ಮಾತು ತಲೇಲಿ ಇಟ್ಕೊಳ್ಳಿ. 20 ಸಾವಿರ ಜನರನ್ನ ಬಿಡಿ ಅಂತ ಕೇಳಿದ್ರೆ ಯಾವ ಜನರಲ್‌ಗೂ ಬಿಸಿ ತಟ್ಟಲ್ಲ. ಇಂಥ ಜೈಲಿನ ಇಂಥ ವಾರ್ಡಲ್ಲಿರೋ ಇಂಥವರಿಗೆ ಶುಗರ್ ಮಾತ್ರೆ ಯಾಕೆ ಕೊಟ್ಟಿಲ್ಲ ಅಂತ ನೂರಾರು ಜನ ಕೇಳಿದ್ರೆ ಮಾತ್ರ ಜೈಲಿನ ಆಫೀಸಲ್ಲಿ ಯಾರೋ ಒಬ್ರು ಫೈಲು ತೆಗೀಬೇಕಾಗತ್ತೆ. ಹಾಗಾಗಿ ಕ್ಯಾಂಪೇನ್ ಅನ್ನೋದು ಒಂದು ಹೆಸರಿಂದ ಶುರುವಾಗ್ಬೇಕು, ಆ ಹೆಸರು ಆಚೆ ಬರೋತನಕ ಬಿಡಬಾರ್ದು, ಆ ವ್ಯಕ್ತಿಗೆ ನಮ್ಮಿಂದ ತೊಂದ್ರೆ ಆಗಬಾರ್ದು.

ಪತ್ರ ಬರೆದ್ರೆ ಏನಾಗತ್ತೆ ಅಂತ ಕೇಳೋರು ಯಾವಾಗ್ಲೂ ಇರ್ತಾರೆ. ಬ್ರೆಜಿಲ್‌ನಲ್ಲಿ ಮಿಲಿಟರಿ ಆಳ್ವಿಕೆ ಇದ್ದಾಗ 1973ರ ಫೆಬ್ರವರಿಯಲ್ಲಿ ಲೂಯಿಸ್ ಬಸೀಲಿಯೋ ರೋಸಿ ಅನ್ನೋ ಪ್ರೊಫೆಸರ್‌ನ ಹಿಡ್ಕೊಂಡು ಹೋದ್ರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಅನ್ನೋ ಮಾನವ ಹಕ್ಕು ಸಂಸ್ಥೆಯವರ ಮೊದಲ ತುರ್ತು ಕ್ಯಾಂಪೇನ್ ಅವರ ಹೆಸರಲ್ಲೇ ಶುರುವಾಗಿದ್ದು, ಪ್ರಪಂಚದ ಮೂಲೆ ಮೂಲೆಯಿಂದ ಪತ್ರಗಳು ಬಂದು ಬಿದ್ವು, ಇವನು ನಾವು ಅಂದ್ಕೊಂಡಿದ್ದಕ್ಕಿಂತ ದೊಡ್ಡ ಮನುಷ್ಯ ಇರ್ಬೇಕು ಅಂತ ಜೈಲಿನೋರಿಗೆ ಅನ್ನಿಸೋ ಹಾಗಾಯ್ತು. ಅದೇ ವರ್ಷ ಅವರು ಆಚೆ ಬಂದ್ರು. ಪತ್ರ ಬರೆದೋರಲ್ಲಿ ಹೆಚ್ಚಿನೋರು ಅವರ ಹೆಸರನ್ನ ಮೊದಲ ಸಲ ಕೇಳಿದ ಸಾಮಾನ್ಯ ಜನ.

ಹೆಸರು ಆರಿಸೋದು, ಫೈಲ್ ಮಾಡೋದು

ಬರ್ಮಾದ ಕೈದಿಗಳ ಬಗ್ಗೆ ನಂಬಬಹುದಾದ ಲೆಕ್ಕ ಇಡೋದು ರಾಜಕೀಯ ಕೈದಿಗಳ ನೆರವಿನ ಸಂಘ, ಎಎಪಿಪಿ ಅಂತಾರೆ. 2000ದ ಮಾರ್ಚ್ 23ರಂದು ಥಾಯ್ಲೆಂಡ್ ಗಡಿಯಲ್ಲಿ ಜೈಲಿಂದ ಬಂದೋರೇ ಸೇರ್ಕೊಂಡು ಕಟ್ಟಿದ್ದು. ಆ ತಾರೀಖು ಸುಮ್ನೆ ಇಟ್ಟಿದ್ದಲ್ಲ, 1988ರ ವಿದ್ಯಾರ್ಥಿ ಚಳವಳಿಯ ನಾಯಕ ಮಿನ್ ಕೋ ನೈಂಗ್‌ನ 1989ರಲ್ಲಿ ಹಿಡಿದಿದ್ದು ಅದೇ ದಿನ. ಇವರು ದಿನಾ ಪಟ್ಟಿ ಅಪ್‌ಡೇಟ್ ಮಾಡ್ತಾರೆ, ಹಿಡಿದಿದ್ದು ಯಾವಾಗ, ಯಾವ ಸೆಕ್ಷನ್, ಎಷ್ಟು ವರ್ಷ, ಯಾವ ಜೈಲು ಅಂತ. ನಿಮ್ಮ ಕೆಲಸ ಇಲ್ಲಿಂದ ಶುರು ಮಾಡಿ, ವಾಟ್ಸಾಪ್‌ನಲ್ಲಿ ಬಂದ ಫೋಟೋದಿಂದ ಅಲ್ಲ.

ಯಾರನ್ನ ಆರಿಸ್ಬೇಕು? ಸೂಕಿ ಅಂಥವರಿಗೆ ಪ್ರಪಂಚನೇ ಇದೆ. ನನ್ನ ಅಭಿಪ್ರಾಯ ಏನಂದ್ರೆ ಯಾರಿಗೂ ಗೊತ್ತಿಲ್ಲದ ಒಬ್ರನ್ನ ತಗೊಳ್ಳಿ, ಆದ್ರೆ ನಿಮಗೆ ಏನಾದ್ರೂ ಸಂಬಂಧ ಇರೋರನ್ನ. ನೀವು ನರ್ಸ್ ಆಗಿದ್ರೆ ಒಳಗಿರೋ ನರ್ಸ್, ನೀವು ಟೀಚರ್ ಆಗಿದ್ರೆ ಒಳಗಿರೋ ಟೀಚರ್, ವಕೀಲರಾಗಿದ್ರೆ ಕೈದಿಗಳ ಪರ ವಾದಿಸೋಕೆ ಹೋಗಿ ತಾವೇ ಒಳಗೆ ಹೋದ ವಕೀಲರಿದಾರೆ. ಇದರಿಂದ ಆಗೋ ಲಾಭ ದೊಡ್ಡದು, ನಿಮ್ಮ ವೃತ್ತಿಯ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋದ್ರೆ ಅದರ ತೂಕನೇ ಬೇರೆ. ಮಾ ಥಿಡಾ ಅಂತ ಒಬ್ರು ಡಾಕ್ಟರು, ಲೇಖಕಿ ಕೂಡ, 1993ರಲ್ಲಿ 20 ವರ್ಷ ಶಿಕ್ಷೆ ಆಯ್ತು, ಬೇರೆ ಬೇರೆ ದೇಶದ ಲೇಖಕರ ಸಂಘದವರು ಅವರನ್ನ ತಮ್ಮೋರು ಅಂತ ಹಿಡ್ಕೊಂಡು ಬಿಡದೇ ಕೇಳ್ತಾನೇ ಇದ್ರು, 1999ರಲ್ಲಿ ಬಿಟ್ರು. ಪತ್ರದಿಂದಲೇ ಬಿಟ್ರು ಅಂತ ನಾನು ಹೇಳಲ್ಲ, ಇಂಥದ್ದರಲ್ಲಿ ಹತ್ತು ಕಾರಣ ಸೇರಿರತ್ತೆ, ಆದ್ರೆ ಅಷ್ಟು ವರ್ಷ ಹೆಸರು ಮರೀದೇ ಇರೋ ಹಾಗೆ ನೋಡ್ಕೊಂಡಿದ್ದು ಆ ಲೇಖಕರೇ.

ಈಗ ಹೆಸರಿನ ವಿಷಯ, ಇಲ್ಲಿ ಹುಷಾರಾಗಿರ್ಬೇಕು. ಬರ್ಮಾದಲ್ಲಿ ಮನೆತನದ ಹೆಸರು ಅನ್ನೋ ಪದ್ಧತಿ ಇಲ್ಲ, ಮುಂದೆ ಇರೋ ಕೋ, ಮಾ, ಊ, ಡಾ ಇವೆಲ್ಲ ನಮ್ಮ ಅಣ್ಣ, ಅಕ್ಕ, ರಾಯರು, ಅಮ್ಮನವರು ಇದ್ದ ಹಾಗೆ ಗೌರವಕ್ಕೆ ಸೇರಿಸೋದು. ಒಂದೇ ಹೆಸರಿನ ನೂರಾರು ಜನ ಇರ್ತಾರೆ. ಒಂದೇ ಜೈಲಲ್ಲಿ ಇಬ್ರು ಆಂಗ್ ಆಂಗ್, ಮೂವರು ತಿನ್ ತಿನ್ ಇದ್ರೆ ಆಶ್ಚರ್ಯ ಇಲ್ಲ. ಅದಕ್ಕೆ ಅಲ್ಲಿನ ಸರ್ಕಾರಿ ಕಾಗದದಲ್ಲಿ ತಂದೆ ಹೆಸರು ಜೊತೆಗೇ ಇರತ್ತೆ. ನಿಮ್ಮ ಫೈಲಲ್ಲೂ ಪೂರ್ತಿ ಹೆಸರು, ತಂದೆ ಹೆಸರು, ವಯಸ್ಸು, ಹಿಡಿದ ತಾರೀಖು, ಹಿಡಿದ ಊರು, ಸೆಕ್ಷನ್, ಕೋರ್ಟು, ಶಿಕ್ಷೆ, ಈಗಿರೋ ಜೈಲು, ಆರೋಗ್ಯದ ಸ್ಥಿತಿ ಇಷ್ಟು ಇರ್ಲಿ, ಪ್ರತಿಯೊಂದರ ಮುಂದೆ ಇದು ಎಲ್ಲಿಂದ ಗೊತ್ತಾಯ್ತು, ಯಾವತ್ತು ಗೊತ್ತಾಯ್ತು ಅಂತ ಬರೀರಿ. ಖಾತ್ರಿ ಇಲ್ಲದ್ದನ್ನ ಖಾಲಿ ಬಿಡಿ. ಒಂದು ತಪ್ಪು ವಿವರ ಇದ್ರೂ ಎಂಬೆಸಿಯವರು ಅದೊಂದನ್ನೇ ಹಿಡ್ಕೊಂಡು ಇಡೀ ಪತ್ರ ಸುಳ್ಳು ಅಂತಾರೆ. ಗುರುತಿನ ಚೀಟಿ ನಂಬರು, ಮನೆ ವಿಳಾಸ ನಿಮಗೆ ಗೊತ್ತಿದ್ರೂ ಅದು ಫೈಲಲ್ಲೇ ಇರ್ಲಿ, ಪತ್ರಕ್ಕೋ ಪೋಸ್ಟ್‌ಗೋ ಹಾಕೋದೇ ಬೇಡ.

ಮನೆಯವರನ್ನ ಕೇಳದೇ ಏನೂ ಮಾಡ್ಬೇಡಿ

ಇದನ್ನ ಒತ್ತಿ ಹೇಳ್ತಿದೀನಿ ಯಾಕಂದ್ರೆ ಒಳ್ಳೆ ಮನಸ್ಸಿನ ಜನ ಎಡವೋದೇ ಇಲ್ಲಿ. 2021ರ ನಂತರ ಬೇಕಾದೋರು ಸಿಗ್ಲಿಲ್ಲ ಅಂದ್ರೆ ಅವರ ಅಪ್ಪ ಅಮ್ಮನ್ನ, ಹೆಂಡತೀನ, ಚಿಕ್ಕ ಮಕ್ಕಳನ್ನೂ ಹಿಡ್ಕೊಂಡು ಹೋಗಿದ್ದಿದೆ, ಮನೆಗೆ ಬೀಗ ಜಡಿದು ಸೀಲ್ ಹಾಕಿದ್ದಿದೆ. ಕೆಲವು ಮನೆಯವರು ಹೆಸರು ಜೋರಾಗಿ ಕೂಗಿ ಅಂತಾರೆ, ಕೆಲವರು ಕೇಸು ಕೊನೆ ಹಂತದಲ್ಲಿದೆ, ಈಗ ಸದ್ದು ಮಾಡ್ಬೇಡಿ ಅಂತಾರೆ. ಅವರು ಹೇಳಿದ್ದೇ ಕೊನೆ ಮಾತು, ನಿಮಗೆ ಎಷ್ಟೇ ಸಿಟ್ಟು ಬಂದಿದ್ರೂ.

ಅವರನ್ನ ನೇರವಾಗಿ ಹುಡುಕ್ಕೊಂಡು ಫೇಸ್‌ಬುಕ್‌ನಲ್ಲಿ ಮೆಸೇಜ್ ಮಾಡ್ಬೇಡಿ. ಬರ್ಮಾದಲ್ಲಿ ಒಂದು ಪೋಸ್ಟ್ ಹಾಕಿದ್ದಕ್ಕೆ, ಒಂದು ಲೈಕ್ ಒತ್ತಿದ್ದಕ್ಕೆ ಜೈಲಿಗೆ ಹೋದೋರಿದಾರೆ, ರಸ್ತೆ ಮೇಲೆ ಫೋನ್ ಇಸ್ಕೊಂಡು ಚೆಕ್ ಮಾಡ್ತಾರೆ, ನಿಮ್ಮ ಮೆಸೇಜು ಆ ಫೋನಲ್ಲಿ ಇದ್ರೆ ಗತಿ ಏನು? ಎಎಪಿಪಿ ಅಂಥ ಸಂಸ್ಥೆ ಮೂಲಕ, ಇಲ್ಲಾ ದೇಶ ಬಿಟ್ಟು ಆಚೆ ಇರೋ ನೆಂಟರ ಮೂಲಕ ಒಪ್ಪಿಗೆ ಕೇಳಿ. ನಮ್ಮ ದೇಶದಲ್ಲೇ ಬೇಕಾದಷ್ಟು ಜನ ಇದಾರೆ, ಮಿಜೋರಾಂಗೆ ಓಡಿ ಬಂದು ಸೇರಿದೋರು, ದೆಹಲಿಯಲ್ಲಿ ವರ್ಷಗಟ್ಟಲೆಯಿಂದ ಇರೋ, ಬರ್ಮಾದ ಚಿನ್ ರಾಜ್ಯದ ಜನ. ದೆಹಲಿಯ ಬರ್ಮೀಯರ ಹಳೇ ತಲೆಮಾರಿಗೆ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಹೆಸರು ಹೇಳಿದ್ರೆ ಇವತ್ತಿಗೂ ಗೌರವ, 1988ರ ನಂತರ ಓಡಿ ಬಂದ ವಿದ್ಯಾರ್ಥಿಗಳಿಗೆ ಕೃಷ್ಣ ಮೆನನ್ ಮಾರ್ಗದ ತಮ್ಮ ಸರ್ಕಾರಿ ಬಂಗಲೆಯಲ್ಲೇ ಜಾಗ ಕೊಟ್ಟಿದ್ರು.

ಇನ್ನೊಂದು, ಜೈಲಿನ ಒಳಗಿಂದ ಕದ್ದು ಬಂದ ಸುದ್ದಿ. ವಿನ್ ಟಿನ್ ಅಂತ ಪತ್ರಕರ್ತರು, 1989ರ ಜುಲೈ 4ರಂದು ಹಿಡಿದಿದ್ದು, ಒಳಗಿಂದಲೇ ಜೈಲಿನ ಪರಿಸ್ಥಿತಿ ಬಗ್ಗೆ ವಿಶ್ವಸಂಸ್ಥೆಗೆ ಬರೆದಿದ್ದಕ್ಕೆ 1996ರಲ್ಲಿ ಮತ್ತೆ 7 ವರ್ಷ ಶಿಕ್ಷೆ ಸೇರಿಸಿದ್ರು. ಹಾಗಾಗಿ ನಿಮ್ಮ ಕೈಗೆ ಬಂದ ಒಂದು ವಿವರ ಒಳಗಿರೋ ಒಬ್ರಿಗೆ ಮಾತ್ರ ಗೊತ್ತಿರೋ ಅಂಥದ್ದು ಅನ್ಸಿದ್ರೆ, ಉದಾಹರಣೆಗೆ ಇಂಥ ರಾತ್ರಿ ಇಂಥ ಸೆಲ್‌ನಲ್ಲಿ ಇಂಥ ಗಾರ್ಡ್ ಹೊಡೆದ ಅನ್ನೋ ತರಹದ್ದು, ಅದನ್ನ ಪೋಸ್ಟ್ ಮಾಡ್ಬೇಡಿ. ವಿಶ್ವಸಂಸ್ಥೆಗೆ ಗುಟ್ಟಾಗಿ ಕಳಿಸೋಕೆ ದಾರಿ ಇದೆ, ಮುಂದೆ ಹೇಳ್ತೀನಿ.

ಕೇಸು ಏನು ಅಂತ ಅರ್ಥ ಮಾಡ್ಕೊಳ್ಳಿ

ಇದು ನಮ್ಮೋರಿಗೆ ಸುಲಭ. ಬರ್ಮಾ 1937ರ ಏಪ್ರಿಲ್ 1ರ ತನಕ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ, ಅಲ್ಲಿನ ಪೀನಲ್ ಕೋಡು ನಮ್ಮ ಹಳೇ ಐಪಿಸಿಯ ಅಣ್ಣತಮ್ಮ. ಜನರಲ್ಲಿ ಭಯ ಹುಟ್ಟಿಸೋ ಮಾತಿಗೆ 505(ಬಿ), ರಾಜದ್ರೋಹಕ್ಕೆ 124ಎ, ಎಲ್ಲಾ ಅದೇ ನಂಬರು. ಭಿನ್ನಮತ ಮಾಡಿದೋರ ಮೇಲೆ ಹಾಕೋ 17(1) ಬಂದಿರೋದು 1908ರ ಕಾನೂನುಬಾಹಿರ ಸಂಘಗಳ ಕಾಯ್ದೆಯಿಂದ, ಬ್ರಿಟಿಷರು ಮಾಡಿದ್ದನ್ನೇ ಜನರಲ್‌ಗಳು ಇಟ್ಕೊಂಡು ಓಡಿಸ್ತಿದಾರೆ. 2021ರ ಫೆಬ್ರವರಿಯಲ್ಲಿ ಅಧಿಕಾರ ಹಿಡಿದ ಎರಡೇ ವಾರಕ್ಕೆ 505ಎ ಅಂತ ಹೊಸದು ಸೇರಿಸಿದ್ರು, ಭಯ ಹುಟ್ಟಿಸೋ ಮಾತು, ಸುಳ್ಳು ಸುದ್ದಿ ಅಂತ ಏನು ಬೇಕಾದ್ರೂ ಅದರೊಳಗೆ ತುರುಕಬಹುದು, 3 ವರ್ಷದ ತನಕ ಶಿಕ್ಷೆ. ಭಯೋತ್ಪಾದನೆ ವಿರೋಧಿ ಕಾಯ್ದೆ ಹಾಕಿದ್ರೆ ಇನ್ನೂ ಜಾಸ್ತಿ. ಯಾವ ಸೆಕ್ಷನ್ ಅಂತ ಗೊತ್ತಾದ್ರೆ ಎರಡು ಉಪಯೋಗ. ಒಂದು, ಪತ್ರದಲ್ಲಿ ನೇರವಾಗಿ ಕೇಳಬಹುದು, ಶಾಂತಿಯುತವಾಗಿ ಬರೆದಿದ್ದಕ್ಕೆ ಈ ಸೆಕ್ಷನ್ ಹೇಗೆ ಹಾಕಿದ್ರಿ ಅಂತ. ಎರಡು, ಅವರ ಶಿಕ್ಷೆ ಯಾವತ್ತು ಮುಗಿಯತ್ತೆ ಅಂತ ಲೆಕ್ಕ ಹಾಕಿ ಆ ತಾರೀಖನ್ನ ಕ್ಯಾಲೆಂಡರ್‌ನಲ್ಲಿ ಬರೆದಿಡಬಹುದು, ಯಾಕಂದ್ರೆ ಶಿಕ್ಷೆ ಮುಗಿಯೋ ಹೊತ್ತಿಗೆ ಸರಿಯಾಗಿ ಹೊಸ ಕೇಸು ಹಾಕೋದು ಅವರ ಹಳೇ ಅಭ್ಯಾಸ.

ವಿಚಾರಣೆ ಎಲ್ಲಿ ನಡೀತು ಅನ್ನೋದೂ ಬರೀರಿ. ಯಾಂಗೂನ್‌ನ ಇನ್ಸೇನ್ ಜೈಲಿನ ಒಳಗೇ ಕೋರ್ಟು ನಡೆಸ್ತಾರೆ, ಪತ್ರಕರ್ತರಿಗೆ, ಸಾರ್ವಜನಿಕರಿಗೆ ಪ್ರವೇಶ ಇಲ್ಲ. 2021ರಲ್ಲಿ ಮಾರ್ಷಲ್ ಲಾ ಹಾಕಿದ ಯಾಂಗೂನ್‌ನ ಹ್ಲಾಯಿಂಗ್ ಥಾರ್ ಯಾರ್ ಅಂಥ ಬಡಾವಣೆಗಳ ಕೇಸು ಮಿಲಿಟರಿ ಟ್ರಿಬ್ಯೂನಲ್‌ಗೆ ಹೋದ್ವು. ನ್ಯಾಯಯುತ ವಿಚಾರಣೆ ಆಗಿಲ್ಲ ಅಂತ ಹೇಳೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲ್ಲ.

ಪತ್ರ

ಚಿಕ್ಕದಾಗಿ, ಮರ್ಯಾದೆಯಿಂದ, ಒಂದೇ ಬೇಡಿಕೆ ಮುಂದಿಟ್ಟು. ಬೈಗುಳ ಬೇಡ, ಸರ್ವಾಧಿಕಾರಿ ಅಂತೆಲ್ಲ ಬೇಡ, ಸಿಟ್ಟು ಇರೋದು ಸಹಜ ಆದ್ರೆ ಬೈದ ಪತ್ರ ಕಸದ ಬುಟ್ಟಿಗೆ ಹೋಗತ್ತೆ, ಅದರ ಬಿಸಿ ಒಳಗಿರೋರಿಗೆ ತಟ್ಟತ್ತೆ. ಹೆಚ್ಚುಕಮ್ಮಿ ಹೀಗಿರ್ಲಿ:

"ಮಾನ್ಯರೇ, ನಾನು ಬೆಂಗಳೂರಿನ ಒಬ್ಬ ಶಾಲಾ ಶಿಕ್ಷಕಿ. ಇಂಥ ತಾರೀಖಿನಂದು ಇಂಥ ಊರಿನಲ್ಲಿ ಬಂಧನಕ್ಕೊಳಗಾಗಿ ಈಗ ಇಂಥ ಜೈಲಿನಲ್ಲಿರುವ, ಇಂಥವರ ಮಗಳಾದ ಶಿಕ್ಷಕಿ ಇಂಥವರ ಬಗ್ಗೆ ಬರೆಯುತ್ತಿದ್ದೇನೆ. ಅವರು ಯಾರ ಮೇಲೂ ಹಿಂಸೆ ಮಾಡಿಲ್ಲ. ಅವರಿಗೆ ಆಸ್ತಮಾ ಇದ್ದು ಔಷಧಿ ಸಿಗುತ್ತಿಲ್ಲ ಎಂದು ತಿಳಿದುಬಂದಿದೆ. ಅವರನ್ನು ಷರತ್ತಿಲ್ಲದೆ ಬಿಡುಗಡೆ ಮಾಡಬೇಕು, ಅಲ್ಲಿಯವರೆಗೆ ಔಷಧಿ, ಮನೆಯವರ ಭೇಟಿ ಮತ್ತು ಅವರೇ ಆರಿಸಿಕೊಂಡ ವಕೀಲರಿಗೆ ಅವಕಾಶ ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ. ತಾವು ಕೈಗೊಂಡ ಕ್ರಮವನ್ನು ತಿಳಿಸಿದರೆ ಉಪಕಾರವಾಗುತ್ತದೆ."

ಇಷ್ಟೇ ಸಾಕು. ಇಂಗ್ಲಿಷಿಗೆ ಮಾಡ್ಕೊಂಡು ಕಳಿಸಿ, ಬರ್ಮೀಸ್ ಬರೋರು ಸಿಕ್ರೆ ಇನ್ನೂ ಒಳ್ಳೇದು. ಎಲ್ರೂ ಒಂದೇ ಪತ್ರ ಕಾಪಿ ಪೇಸ್ಟ್ ಮಾಡ್ಬೇಡಿ, ಕೈಬರಹದ ಹತ್ತು ಪತ್ರಕ್ಕೆ ಇರೋ ಬೆಲೆ ಒಂದೇ ತರಹದ ಸಾವಿರ ಈಮೇಲ್‌ಗೆ ಇಲ್ಲ. ಪ್ರತಿ ಪತ್ರದ ಒಂದು ಫೋಟೋ ಫೈಲಿಗೆ ಸೇರಿಸಿ, ಸ್ಪೀಡ್ ಪೋಸ್ಟ್ ಮಾಡಿದ್ರೆ ರಸೀದಿನೂ.

ಯಾರಿಗೆ ಕಳಿಸೋದು ಅನ್ನೋದ್ರಲ್ಲಿ ಒಂದು ಸೂಕ್ಷ್ಮ ಇದೆ. ಅಲ್ಲಿನ ಮಿಲಿಟರಿ ಆಗಾಗ ಹೆಸರು ಬದಲಾಯಿಸ್ಕೊಳತ್ತೆ, 1988ರಲ್ಲಿ ಸ್ಲಾರ್ಕ್, 1997ರಲ್ಲಿ ಎಸ್‌ಪಿಡಿಸಿ, 2021ರಲ್ಲಿ ಎಸ್‌ಎಸಿ, ಹುದ್ದೆಗಳ ಹೆಸರೂ ಹಾಗೇ. ಕಳಿಸೋ ದಿನ ಸರಿಯಾಗಿ ನೋಡ್ಕೊಂಡು ಹಾಕಿ. ಪತ್ರದಲ್ಲಿ 'ನಿಮ್ಮ ಸರ್ಕಾರ' ಅಂತ ಬರೆದ್ರೆ ಅವರನ್ನ ಸರ್ಕಾರ ಅಂತ ಒಪ್ಪಿದ ಹಾಗೆ ಆಗತ್ತೆ ಅಂತ ಬರ್ಮಾದ ಬಹಳ ಜನಕ್ಕೆ ಬೇಜಾರಿದೆ, ಅದು ನ್ಯಾಯವಾದ ಬೇಜಾರು. 'ಅಧಿಕಾರಿಗಳು' ಅಂತ ಬರೀರಿ, ಕೆಲಸ ಆಗತ್ತೆ. ದೆಹಲಿಯ ಚಾಣಕ್ಯಪುರಿಯಲ್ಲಿರೋ ಎಂಬೆಸಿಗೆ ಒಂದು ಪ್ರತಿ.

ಆದ್ರೆ ನನಗನ್ಸೋದು, ನಮ್ಮಂಥೋರ ಪತ್ರಕ್ಕೆ ನಿಜವಾದ ಬೆಲೆ ಇರೋದು ನಮ್ಮದೇ ಜನಪ್ರತಿನಿಧಿಗಳ ಹತ್ರ. ಭಾರತ ಬರ್ಮಾ ಗಡಿ 1,643 ಕಿಲೋಮೀಟರ್, ನಮ್ಮ ಸರ್ಕಾರ ಆ ಜನರಲ್‌ಗಳ ಜೊತೆ ಮಾತಾಡ್ತಾನೇ ಇದೆ, ನಮ್ಮ ಸಾರ್ವಜನಿಕ ವಲಯದ ಕಂಪನಿಗಳಾದ ಓಎನ್‌ಜಿಸಿ, ಗೇಲ್ ಅಲ್ಲಿನ ಶ್ವೇ ಗ್ಯಾಸ್ ಯೋಜನೆಯಲ್ಲಿ ಪಾಲು ಹಾಕಿದೋರು. 2022ರ ಡಿಸೆಂಬರ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 2669ನೇ ನಿರ್ಣಯ ಬಂತು, ಸೂಕಿ, ವಿನ್ ಮಿಂಟ್ ಸೇರಿ ಅನ್ಯಾಯವಾಗಿ ಹಿಡಿದಿರೋ ಎಲ್ರನ್ನೂ ಬಿಡಿ ಅಂತ. 12 ದೇಶ ಪರವಾಗಿ ಓಟು ಹಾಕಿದ್ವು, ಚೀನಾ, ರಷ್ಯಾ ಮತ್ತೆ ಭಾರತ ಓಟು ಹಾಕದೇ ತಟಸ್ಥವಾಗಿ ಉಳಿದ್ವು. ಇದನ್ನ ನಿಮ್ಮ ಎಂಪಿಗೆ ನೆನಪು ಮಾಡಿ. ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿಸೋಕೆ ಸುಮಾರು 15 ದಿನ ಮುಂಚೆ ನೋಟಿಸ್ ಕೊಡ್ಬೇಕು, ಅಧಿವೇಶನದ ತಾರೀಖು ಗೊತ್ತಾದ ಕೂಡ್ಲೇ ಅವರ ಆಫೀಸಿಗೆ ಹೋಗಿ ಪ್ರಶ್ನೆನ ನೀವೇ ರೆಡಿ ಮಾಡಿ ಟೈಪ್ ಮಾಡಿ ಕೊಡಿ. 'ಮ್ಯಾನ್ಮಾರ್ ಜೈಲಿನಲ್ಲಿರುವ ರಾಜಕೀಯ ಕೈದಿಗಳ ವಿಷಯವನ್ನು ಭಾರತ ಸರ್ಕಾರ ಅಲ್ಲಿನ ಅಧಿಕಾರಿಗಳ ಮುಂದೆ ಪ್ರಸ್ತಾಪಿಸಿದೆಯೇ, ಹಾಗಿದ್ದರೆ ವಿವರ ಏನು, ಇಲ್ಲದಿದ್ದರೆ ಕಾರಣ ಏನು' ಅಷ್ಟೇ. ಅವರ ಪಿಎಗೆ ಬರ್ಮಾ ಎಲ್ಲಿದೆ ಅಂತ ವಿವರಿಸ್ಬೇಕಾಗಬಹುದು, ತಾಳ್ಮೆ ಇರ್ಲಿ. ಲಿಖಿತ ಉತ್ತರ ಬಂದ್ರೆ ಅದು ಸರ್ಕಾರಿ ದಾಖಲೆ, ಮುಂದಿನ ಪತ್ರಕ್ಕೆ ಅದೇ ಆಧಾರ ಆಗತ್ತೆ.

ವಿಶ್ವಸಂಸ್ಥೆಯಲ್ಲಿ ಮನಸೋ ಇಚ್ಛೆ ಬಂಧನಗಳ ಬಗ್ಗೆ ನೋಡೋ ಒಂದು ಕಾರ್ಯತಂಡ ಇದೆ, 1991ರಲ್ಲಿ ಆಗಿದ್ದು, ಐದು ಜನ ತಜ್ಞರು. ಅವರ ಹತ್ರ ಒಂದು ಪ್ರಶ್ನಾವಳಿ ಇದೆ, ತುಂಬಿ ಕಳಿಸಿದ್ರೆ ಸಾಕು, ಫೀಸ್ ಇಲ್ಲ, ಆ ದೇಶದ ಕೋರ್ಟುಗಳೆಲ್ಲ ಮುಗಿಸ್ಕೊಂಡೇ ಬನ್ನಿ ಅನ್ನೋ ಷರತ್ತೂ ಇಲ್ಲ, ಸರ್ಕಾರಕ್ಕೆ ಉತ್ತರಿಸೋಕೆ 60 ದಿನ ಕೊಡ್ತಾರೆ, ಆಮೇಲೆ ಈ ಬಂಧನ ಅಕ್ರಮವೋ ಅಲ್ವೋ ಅಂತ ಅಭಿಪ್ರಾಯ ಹೇಳ್ತಾರೆ. 2021ಕ್ಕೂ ಹಿಂದೆ ಸೂಕಿನ ಗೃಹಬಂಧನದಲ್ಲಿ ಇಟ್ಟಿದ್ದಾಗ ಅದು ಅಕ್ರಮ ಅಂತ ಒಂದಲ್ಲ ಹಲವು ಸಲ ಹೇಳಿದ್ರು. ಜೀವಕ್ಕೆ ಅಪಾಯ ಇದ್ರೆ ತುರ್ತು ಮನವಿಗೆ ಬೇರೆ ದಾರಿ ಇದೆ. ಸುದ್ದಿ ಕೊಟ್ಟೋರ ಹೆಸರು ಗುಟ್ಟಾಗಿರತ್ತೆ, ಒಳಗಿಂದ ಬಂದ ಸೂಕ್ಷ್ಮ ವಿವರ ಹೋಗ್ಬೇಕಾದ ಜಾಗ ಇದು. ಆ ಅಭಿಪ್ರಾಯಕ್ಕೆ ಜನರಲ್‌ಗಳು ಬಗ್ಗಲ್ಲ ನಿಜ, ಆದ್ರೆ ಅದು ಕೈಯಲ್ಲಿದ್ರೆ ಪತ್ರಿಕೆಯವರು, ಬೇರೆ ದೇಶದ ವಿದೇಶಾಂಗ ಇಲಾಖೆಯವರು ನಿಮ್ಮ ಮಾತನ್ನ ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಸಹಿ ಸಂಗ್ರಹ

ಆನ್‌ಲೈನ್ ಪಿಟಿಷನ್ ಹಾಕಿ ಲಿಂಕ್ ಶೇರ್ ಮಾಡಿ ಮರೆಯೋದು ಕ್ಯಾಂಪೇನ್ ಅಲ್ಲ. ಬರ್ಮಾದೋರು ಮಾಡಿದ್ದನ್ನ ನೋಡಿ. 2006ರ ಸೆಪ್ಟೆಂಬರ್ ಕೊನೇಲಿ ಮಿನ್ ಕೋ ನೈಂಗ್ ಮತ್ತೆ ಜೊತೆಯವರನ್ನ ಮತ್ತೆ ಹಿಡಿದಾಗ, ಹೊರಗೆ ಉಳಿದ 88ರ ತಲೆಮಾರಿನ ಗೆಳೆಯರು ಅಕ್ಟೋಬರ್‌ನಲ್ಲಿ ದೇಶದ ಒಳಗೇ ಕಾಗದ ಹಿಡ್ಕೊಂಡು ಮನೆ ಮನೆಗೆ ಹೊರಟ್ರು. ಸಹಿ ಮಾಡಿದ್ರೆ ಕೆಲಸ ಹೋಗಬಹುದು, ಜೈಲೇ ಆಗಬಹುದು, ಅಂಥ ಕಡೆ 5 ಲಕ್ಷಕ್ಕೂ ಮೇಲೆ ಸಹಿ ಬಂತು! ಅದೇ ತಿಂಗಳು ಜನರಿಗೆ ಬಿಳಿ ಬಟ್ಟೆ ಹಾಕೊಳ್ಳಿ ಅಂದ್ರು, ಆಗ ಕೈದಿಗಳ ಬಟ್ಟೆ ಬಿಳಿ ಇತ್ತು ಅದಕ್ಕೆ. ಬಿಳಿ ಶರ್ಟ್ ಹಾಕೊಂಡು ಬಸ್ಸು ಹತ್ತಿದೋರನ್ನ ಯಾವ ಸೆಕ್ಷನ್ ಹಾಕಿ ಹಿಡೀತಾರೆ? 2007ರ ಜನವರಿಯಲ್ಲಿ ಆ ನಾಯಕರನ್ನ ಬಿಟ್ರು.

2009ರಲ್ಲಿ ದೇಶದ ಹೊರಗಿದ್ದೋರು ಇನ್ನೊಂದು ಮಾಡಿದ್ರು, ಗುರಿ 8,88,888 ಸಹಿ, 1988ರ ಆಗಸ್ಟ್ 8ರ ದಂಗೆಯ ನೆನಪಿಗೆ. ಶುರು ಮಾಡಿದ್ದು ಮಾರ್ಚ್ 13ರಂದು, 1988ರಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ಫೋನ್ ಮಾ ಸತ್ತ ದಿನ, ಕೊನೆ ತಾರೀಖು ಮೇ 24, ಕಾನೂನು ಪ್ರಕಾರ ಸೂಕಿ ಗೃಹಬಂಧನ ಮುಗೀಬೇಕಾದ ದಿನ. ಆ ಗುರಿ ಪೂರ್ತಿ ಮುಟ್ಟಲಿಲ್ಲ, ಆದ್ರೂ ಲಕ್ಷಗಟ್ಟಲೆ ಸಹಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಗೆ ಹೋಯ್ತು. ನೀವು ಮಾಡೋವಾಗ್ಲೂ ಇದನ್ನೇ ಅನುಸರಿಸಿ, ಕಾರಣ ಇರೋ ಒಂದು ಶುರು ತಾರೀಖು, ಕಾರಣ ಇರೋ ಒಂದು ಕೊನೆ ತಾರೀಖು, ಯಾರ ಕೈಗೆ ಕೊಡ್ತೀವಿ ಅಂತ ಮೊದ್ಲೇ ನಿರ್ಧಾರ. ಇಷ್ಟು ಇಲ್ಲದೇ ಸಹಿ ಕೇಳೋಕೆ ಹೋಗ್ಬೇಡಿ. ಬರ್ಮಾದ ಒಳಗಿರೋರ ಸಹಿ ಆನ್‌ಲೈನ್‌ನಲ್ಲಿ ಎಲ್ರಿಗೂ ಕಾಣೋ ಹಾಗೆ ಇರಬಾರ್ದು, ಇದಂತೂ ಖಡಾಖಂಡಿತ.

ಫೋಟೋ ಕ್ಯಾಂಪೇನ್ ಸುಲಭ, ಖರ್ಚಿಲ್ಲ. ಅಂಗೈ ಮೇಲೆ ಒಬ್ಬ ಕೈದಿಯ ಹೆಸರು ಬರೆದು ಕೈ ಎತ್ತಿ ಫೋಟೋ ತೆಗೆಸ್ಕೊಳ್ಳೋದು, ಹೊರಗೆ ಬಂದ ಕೈದಿಗಳೇ ಒಳಗೆ ಉಳಿದ ಗೆಳೆಯರಿಗಾಗಿ ಮಾಡಿದ್ದು. ಮೇಲೆ ಹೇಳಿದ ವಿನ್ ಟಿನ್ 19 ವರ್ಷ ಆದ್ಮೇಲೆ 2008ರ ಸೆಪ್ಟೆಂಬರ್ 23ರಂದು ಬಿಡುಗಡೆ ಆದ್ರು, ಜೈಲಿನ ನೀಲಿ ಶರ್ಟ್ ವಾಪಸ್ ಕೊಡಲಿಲ್ಲ, ಕೊನೆಯ ಕೈದಿ ಆಚೆ ಬರೋ ತನಕ ನೀಲಿನೇ ಹಾಕ್ತೀನಿ ಅಂತ 2014ರ ಏಪ್ರಿಲ್ 21ರಂದು ತೀರಿಕೊಳ್ಳೋ ತನಕ ಹಾಗೇ ಇದ್ರು. ಅವರು ತೀರಿಕೊಂಡ ದಿನ ನೀಲಿ ಶರ್ಟ್ ಹಾಕೋದು ಈಗ ಒಂದು ಕ್ಯಾಂಪೇನೇ ಆಗಿದೆ. ನಿಮ್ಮ ಕಾಲೇಜಲ್ಲಿ, ಆಫೀಸಲ್ಲಿ ಮಾಡೋಕೆ ಯಾರ ಪರ್ಮಿಷನ್ನೂ ಬೇಕಿಲ್ಲ.

ಔಷಧಿ ಮತ್ತೆ ಭೇಟಿ

ಬಿಡುಗಡೆ ಅನ್ನೋ ದೊಡ್ಡ ಬೇಡಿಕೆ ಜೊತೆ ಯಾವಾಗ್ಲೂ ಒಂದು ಚಿಕ್ಕ ಬೇಡಿಕೆ ಇಡಿ ಅಂತ ಮೇಲಿನ ಪತ್ರದಲ್ಲಿ ತೋರಿಸಿದೀನಿ. ಚಿಕ್ಕದಕ್ಕೆ ಹೂಂ ಅನ್ನೋದ್ರಿಂದ ಜನರಲ್‌ಗಳ ಮಾನ ಹೋಗಲ್ಲ, ಅದಕ್ಕೇ ಅದು ಕೆಲವು ಸಲ ಆಗತ್ತೆ, ಅಷ್ಟು ಹೊತ್ತಿಗೆ ಒಂದು ಜೀವ ಉಳಿದಿರತ್ತೆ.

ಇದು ನಮಗೆ ಗೊತ್ತಿರೋ ವಿಷಯನೇ. ನಮ್ಮಲ್ಲಿ ಇದ್ದದ್ದು ಮಿಲಿಟರಿ ಆಳ್ವಿಕೆ ಅಲ್ಲ, ಎಮರ್ಜೆನ್ಸಿ, ಆದ್ರೆ ನಟಿ ಸ್ನೇಹಲತಾ ರೆಡ್ಡಿ ಅವರನ್ನ 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಲ್ಲಿ ಎಂಟು ತಿಂಗಳು ಇಟ್ರು, ತೀವ್ರ ಆಸ್ತಮಾ ಇತ್ತು, ಸರಿಯಾದ ಚಿಕಿತ್ಸೆ ಇಲ್ಲ, 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ರು, ಜನವರಿ 20ಕ್ಕೆ ತೀರಿಕೊಂಡ್ರು. ಕೋರ್ಟು ಹಾಕಿದ ಶಿಕ್ಷೆ ಏನೂ ಇರಲಿಲ್ಲ. ಔಷಧಿಯನ್ನ ಚಿಲ್ಲರೆ ಬೇಡಿಕೆ ಅಂತ ಅನ್ನೋರಿಗೆ ನಾನು ಈ ತಾರೀಖುಗಳನ್ನ ಹೇಳ್ತೀನಿ.

ಭೇಟಿ ವಿಷಯ ಇನ್ನೂ ಕಷ್ಟ. 2007ರಲ್ಲಿ ಮತ್ತೆ ಹಿಡಿದಿದ್ದ 88ರ ತಲೆಮಾರಿನೋರಿಗೆ 2008ರ ನವೆಂಬರ್‌ನಲ್ಲಿ ಸಾಲಾಗಿ 65 ವರ್ಷದ ಶಿಕ್ಷೆಗಳು ಬಂದ್ಮೇಲೆ ನಾಯಕರನ್ನ ಬೇಕಂತಲೇ ಮನೆಯಿಂದ ದೂರದ ಜೈಲಿಗೆ ಹಾಕಿದ್ರು, ಮಿನ್ ಕೋ ನೈಂಗ್‌ನ ಶಾನ್ ರಾಜ್ಯದ ಕೆಂಗ್‌ಟುಂಗ್‌ಗೆ, ನರ್ಗಿಸ್ ಚಂಡಮಾರುತದಲ್ಲಿ ಜನರಿಗೆ ಅಕ್ಕಿ ಹಂಚಿದ ಹಾಸ್ಯ ಕಲಾವಿದ ಜರ್ಗನಾರ್‌ನ ಉತ್ತರದ ತುದಿಯ ಮಿಚಿನಾಗೆ. ಯಾಂಗೂನ್‌ನಲ್ಲಿರೋ ವಯಸ್ಸಾದ ತಾಯಿ ಅಲ್ಲಿಗೆ ಹೋಗೋದು ಅಂದ್ರೆ ದಿನಗಟ್ಟಲೆ ಪ್ರಯಾಣ, ಹೋದ್ಮೇಲೆ ಸಿಗೋದು ಕೆಲವೇ ನಿಮಿಷ. ಜೈಲಿನ ಊಟ ಊಟ ಅಲ್ಲ, ಮನೆಯವರು ತರೋ ಒಣಮೀನು, ಇನ್‌ಸ್ಟಂಟ್ ನೂಡಲ್ಸ್, ಸೋಪು, ಮಾತ್ರೆ ಇದರಿಂದಲೇ ಒಳಗಿರೋರ ಜೀವ ನಡೆಯೋದು. ಹಾಗಾಗಿ ಮನೆಯವರ ಬಸ್ ಚಾರ್ಜಿಗೆ ದುಡ್ಡು ಸೇರಿಸೋದು ಕ್ಯಾಂಪೇನ್‌ನ ಒಂದು ಭಾಗನೇ. ಆದ್ರೆ ನೇರವಾಗಿ ಯಾರ ಖಾತೆಗೂ ಹಾಕ್ಬೇಡಿ, ವಿದೇಶದಿಂದ ದುಡ್ಡು ಬಂತು ಅಂತ ಭಯೋತ್ಪಾದನೆಗೆ ಹಣ ಕೊಟ್ಟ ಕೇಸು ಹಾಕ್ತಾರೆ, ವಿದೇಶಕ್ಕೆ ದುಡ್ಡು ಕಳಿಸೋಕೆ ಇಲ್ಲಿ ನಿಮಗೂ ಕಾನೂನು ಇದೆ. ಈ ಕೆಲಸ ವರ್ಷಗಳಿಂದ ಮಾಡ್ತಿರೋ ಸಂಸ್ಥೆ ಮೂಲಕ ಮಾತ್ರ.

ಕ್ಷಮಾದಾನದ ದಿನಗಳು

ಜನವರಿ 4 ಸ್ವಾತಂತ್ರ್ಯ ದಿನ, ಫೆಬ್ರವರಿ 12 ಯೂನಿಯನ್ ಡೇ, ಏಪ್ರಿಲ್ ಮಧ್ಯದ ಥಿಂಜಾನ್ ಹೊಸವರ್ಷ, ಅಕ್ಟೋಬರ್ ಸುಮಾರಿಗೆ ಬರೋ ಥಡಿಂಜುಟ್ ಹುಣ್ಣಿಮೆ. ಈ ದಿನಗಳಲ್ಲಿ ಸಾವಿರಾರು ಜನರನ್ನ ಬಿಟ್ವಿ ಅಂತ ಘೋಷಣೆ ಬರತ್ತೆ. ನಿಮ್ಮ ಪತ್ರಗಳು ಇದಕ್ಕೆ ಆರು ವಾರ ಮುಂಚೆ ತಲುಪೋ ಹಾಗೆ ಪ್ಲಾನ್ ಮಾಡಿ, ಯಾಕಂದ್ರೆ ಪಟ್ಟಿ ತಯಾರಾಗೋದು ಘೋಷಣೆಗೆ ಮುಂಚೆನೇ.

ಘೋಷಣೆ ಆದ ಕೂಡ್ಲೇ ಧನ್ಯವಾದದ ಪೋಸ್ಟ್ ಹಾಕೋಕೆ ಹೋಗ್ಬೇಡಿ. 2023ರ ಜನವರಿ 4ರಂದು 7,012 ಕೈದಿಗಳಿಗೆ ಕ್ಷಮಾದಾನ ಅಂದ್ರು, ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು, ರಾಜಕೀಯ ಕೈದಿಗಳು ಅದರಲ್ಲಿ ಒಂದು ಸಣ್ಣ ಪಾಲು, ಉಳಿದೋರು ಕಳ್ಳತನ, ಡ್ರಗ್ಸ್ ಕೇಸಿನೋರು. 2021ರ ಅಕ್ಟೋಬರ್‌ನಲ್ಲಿ ಬಿಟ್ಟೋರಲ್ಲಿ ಕೆಲವರನ್ನ ತಕ್ಷಣ ಮತ್ತೆ ಹಿಡಿದ್ರು. ನಿಮ್ಮ ಹೆಸರಿನೋರು ಮನೆ ಬಾಗಿಲು ದಾಟಿ ಒಳಗೆ ಹೋದ್ರು ಅಂತ ಮನೆಯವರಿಂದ ಸುದ್ದಿ ಬರೋ ತನಕ ಕಾಯಿರಿ. ಜೈಲು ಗೇಟಿನ ಮುಂದೆ ಕಾಯೋ ಮನೆಯವರ ಹತ್ರ ಪಟ್ಟಿ ಇರಲ್ಲ, ಬಸ್ಸು ಬಸ್ಸಾಗಿ ಆಚೆ ಬರ್ತಾರೆ, ಕಿಟಕಿಗಳನ್ನ ನೋಡ್ತಾ ನಿಂತಿರ್ತಾರೆ, ಕತ್ತಲಾದ್ಮೇಲೆ ಎಷ್ಟೋ ಜನ ಹಾಗೇ ವಾಪಸ್ ಹೋಗ್ತಾರೆ.

ಆಮೇಲೆ ಷರತ್ತಿನ ವಿಷಯ. ಅಲ್ಲಿನ ಕ್ರಿಮಿನಲ್ ಪ್ರೊಸೀಜರ್ ಕೋಡಿನ 401ನೇ ಸೆಕ್ಷನ್ ಪ್ರಕಾರ ಬಿಟ್ರೆ, ಅದು ಬಿಡುಗಡೆನೇ ಅಲ್ಲ ಅನ್ನಬಹುದು, ಮತ್ತೆ ಏನಾದ್ರೂ ಕೇಸು ಆದ್ರೆ ಉಳಿದ ಹಳೇ ಶಿಕ್ಷೆನೂ ಸೇರಿಸಿ ಅನುಭವಿಸ್ಬೇಕು. 65 ವರ್ಷ ಶಿಕ್ಷೆ ಆಗಿ ನಾಲ್ಕೈದು ವರ್ಷಕ್ಕೆ ಆಚೆ ಬಂದೋರ ತಲೆ ಮೇಲೆ 60 ವರ್ಷ ತೂಗ್ತಾ ಇರತ್ತೆ. 2011-12ರಲ್ಲಿ ಬಿಟ್ಟ ಬಹಳಷ್ಟು ಜನ ಹೀಗೇ ಆಚೆ ಬಂದಿದ್ದು. ಅದಕ್ಕೆ ಪತ್ರದಲ್ಲಿ 'ಬಿಡುಗಡೆ' ಅಂತ ಮಾತ್ರ ಬರೀಬೇಡಿ, 'ಷರತ್ತಿಲ್ಲದೆ' ಅನ್ನೋದನ್ನ ಯಾವತ್ತೂ ಬಿಡಬೇಡಿ. ರಾಜಕೀಯ ಬಿಡ್ತೀನಿ ಅಂತ ಒಂದು ಸಹಿ ಹಾಕಿದ್ರೆ ವಿನ್ ಟಿನ್ ಎಷ್ಟೋ ವರ್ಷ ಮುಂಚೆ ಮನೆಗೆ ಹೋಗಬಹುದಿತ್ತು, ಹಾಕಲಿಲ್ಲ. ಹಾಗಂತ ಸಹಿ ಹಾಕಿ ಬಂದೋರನ್ನ ಹೊರಗೆ ಕೂತ ನಾವು ಹೇಡಿ ಅನ್ನೋದಕ್ಕೂ ಹಕ್ಕಿಲ್ಲ.

ಆಗದೇ ಇದ್ದಾಗ

ಕೋ ಜಿಮ್ಮಿ ಅಂತ ಕರೀತಿದ್ದ ಚ್ಯಾ ಮಿನ್ ಯು, ಅವರ ಹೆಂಡತಿ ನಿಲಾರ್ ಥೇನ್, ಇಬ್ರೂ 88ರ ತಲೆಮಾರು. 2007ರಲ್ಲಿ ಗಂಡನ್ನ ಹಿಡಿದಾಗ ಇವರು ಹಸುಗೂಸನ್ನ ಮನೆಯವರ ಕೈಗೆ ಕೊಟ್ಟು ತಲೆಮರೆಸ್ಕೊಂಡ್ರು, ಒಂದು ವರ್ಷಕ್ಕೆ ಇವರೂ ಸಿಕ್ಕಿಬಿದ್ರು, ಇಬ್ರಿಗೂ 65 ವರ್ಷ. ಪ್ರಪಂಚದ ಎಷ್ಟೋ ಕಡೆ ಜನ ಇವರ ಹೆಸರಲ್ಲಿ ಬರೆದ್ರು, 2012ರ ಜನವರಿ 13ರಂದು ಇಬ್ರೂ ಆಚೆ ಬಂದ್ರು, ಮಗಳನ್ನ ಸೇರಿದ್ರು. 2021ರಲ್ಲಿ ಕೋ ಜಿಮ್ಮಿನ ಮತ್ತೆ ಹಿಡಿದ್ರು, ಮಿಲಿಟರಿ ಟ್ರಿಬ್ಯೂನಲ್ ಗಲ್ಲು ಶಿಕ್ಷೆ ಕೊಡ್ತು. ಆ ಸಲ ಕಾಂಬೋಡಿಯಾದ ಆಗಿನ ಪ್ರಧಾನಿ ಹುನ್ ಸೆನ್ ಕೂಡ ಬೇಡ ಅಂತ ಪತ್ರ ಬರೆದ್ರು. 2022ರ ಜುಲೈ 25ರಂದು ಅವರನ್ನೂ, ಹಿಂದೆ ಎಂಪಿ ಆಗಿದ್ದ ರ‍್ಯಾಪ್ ಗಾಯಕ ಫ್ಯೋ ಜೆಯಾ ಥಾನೂ, ಹ್ಲಾ ಮ್ಯೋ ಆಂಗ್, ಆಂಗ್ ಥುರಾ ಜಾ ಅವರನ್ನೂ ನೇಣಿಗೆ ಹಾಕಿದ್ದು ಸರ್ಕಾರಿ ಪೇಪರಲ್ಲಿ ಬಂತು. ದೇಹನೂ ಮನೆಯವರಿಗೆ ಕೊಡಲಿಲ್ಲ.

ಇಂಥ ದಿನ ಬಂದ್ರೆ ಏನ್ ಮಾಡ್ಬೇಕು ಅಂತ ಮುಂಚೆನೇ ಗುಂಪಲ್ಲಿ ಮಾತಾಡಿಟ್ಕೊಳ್ಳಿ. ಮನೆಯವರನ್ನ ಮೊದ್ಲು ವಿಚಾರಿಸಿ, ಅವರು ಹೇಳೋ ತನಕ ಫೋಟೋ ಹಾಕ್ಬೇಡಿ. ಗಲ್ಲು ಶಿಕ್ಷೆ ಇನ್ನೂ ಬೇರೆಯವರ ಮೇಲೆ ಇರತ್ತೆ, ಅವರ ಹೆಸರು ತಗೊಂಡು ಅದೇ ದಿನ ತುರ್ತು ಮನವಿ ಕಳಿಸಿ, ಗಲ್ಲಿನ ಕೇಸಲ್ಲಿ ಒಂದು ವಾರ ತಡ ಅನ್ನೋದೂ ತಡನೇ. ಸತ್ತೋರ ಫೈಲನ್ನೂ ಮುಚ್ಚಬೇಡಿ, ದೇಹ ಎಲ್ಲಿ, ದಾಖಲೆ ಎಲ್ಲಿ ಅಂತ ಕೇಳೋದು ಬಾಕಿ ಇರತ್ತೆ.

ಬಿಡುಗಡೆ ಆದೋರ ಬಗ್ಗೆ ಒಂದು ಮಾತು. ಆಚೆ ಬಂದ ವಾರದಲ್ಲೇ ಝೂಮ್ ಮೀಟಿಂಗ್‌ಗೆ ಕರೆದು ಒಳಗೆ ಏನಾಯ್ತು ಹೇಳಿ ಅಂತ ಕೇಳ್ಬೇಡಿ. ನಿದ್ದೆ ಬರಲ್ಲ, ಬಾಗಿಲು ಬಡಿದ್ರೆ ಬೆಚ್ಚಿಬೀಳ್ತಾರೆ, ಕೆಲಸ ಕೊಡೋರಿಲ್ಲ, ಕೆಲವರಿಗೆ ಹಲ್ಲು, ಬೆನ್ನು, ಕಣ್ಣು ಹೋಗಿರತ್ತೆ. ಎಎಪಿಪಿಯವರು ಕೌನ್ಸೆಲಿಂಗ್ ಮಾಡ್ತಾರೆ, ಒಳಗಿದ್ದು ಬಂದೋರೇ ಆಗಿರೋದ್ರಿಂದ ಅವರಿಗೆ ಗೊತ್ತಿರತ್ತೆ, ಅಲ್ಲಿಗೆ ಜೋಡಿಸಿ. ಅವರಾಗೇ ಮಾತಾಡ್ತೀನಿ ಅಂದಾಗ ಮಾತಾಡ್ಲಿ.

ಕೊನೇದಾಗಿ ಫೈಲಿನ ವಿಷಯ. ಈ ಕೆಲಸ ವರ್ಷಗಟ್ಟಲೆ ನಡಿಯತ್ತೆ, ಮಧ್ಯದಲ್ಲಿ ನಿಮಗೆ ಮದ್ವೆ ಆಗತ್ತೆ, ಊರು ಬದಲಾಗತ್ತೆ, ಮನೇಲಿ ಕಾಯಿಲೆ ಬರತ್ತೆ, ಅದು ಇರೋದೇ. ನೀವು ಬಿಡೋ ಮುಂಚೆ ಇನ್ನೊಬ್ರನ್ನ ಕೂರಿಸ್ಕೊಂಡು ಫೈಲು ಪೂರ್ತಿ ತೋರಿಸಿ, ಯಾರಿಗೆ ಯಾವತ್ತು ಬರೆದ್ವಿ, ಯಾರು ಉತ್ತರ ಕೊಟ್ರು, ಮನೆಯವರ ಜೊತೆ ಮಾತಾಡೋ ದಾರಿ ಯಾವುದು, ಯಾವುದನ್ನ ಹೊರಗೆ ಹೇಳಬಾರ್ದು, ಶಿಕ್ಷೆ ಮುಗಿಯೋ ತಾರೀಖು ಯಾವುದು. ಪಾಸ್‌ವರ್ಡ್ ಬದಲಾಯಿಸಿ ಅವರ ಕೈಗೆ ಕೊಡಿ, ನಿಮ್ಮ ಫೋನಲ್ಲಿರೋ ಹೆಸರು, ನಂಬರು, ಚಾಟ್ ಎಲ್ಲಾ ಅಳಿಸಿಬಿಡಿ.